ಅರ್ಧಕ್ಕೆ ಬಿಟ್ಟ ಪ್ರೇಮಕಥೆ

ಇವತ್ತು ಬೆಳಿಗ್ಗೆ ಕಪಾಟಿನ ಪುಸ್ತಕಗಳಿಗೆ ಬಿಸಿಲು ತೋರಿಸುತ್ತಿದ್ದಾಗ ಒಂದು ಕಾದಂಬರಿ ಕೈಗೆ ಸಿಕ್ಕಿತು. ಅರ್ಧದವರೆಗೆ ಪುಟಗಳು ಮೆತ್ತಗಾಗಿವೆ, ಉಳಿದರ್ಧ ಅಂಗಡಿಯಿಂದ ತಂದ ಹಾಗೆಯೇ ಗರಿಗರಿ. ನಾನು ಪೂರ್ತಿ ಓದದ ಪುಸ್ತಕ ಅದೊಂದೇ.

ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೇನೆ. ಬಂಟ್ವಾಳದಲ್ಲಿ ಅಮ್ಮ ಬೀಡಿ ಕಟ್ಟಿ ಓದಿಸಿದ ಮಗಳು ನಾನು. ನಮ್ಮ ಕುಟುಂಬದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಪುಸ್ತಕವನ್ನು ನಡುವೆ ಬಿಡುವುದೆಂದರೆ ನನಗೆ ತಟ್ಟೆಯಲ್ಲಿ ಅನ್ನ ಬಿಟ್ಟ ಹಾಗೆ. ಕಾಲೇಜಿನಲ್ಲಿದ್ದಾಗ ಕೋಳಿ ಸಾಕಣೆಯ ಕೈಪಿಡಿಯೊಂದನ್ನು ಕೂಡ ಕೊನೆಯ ಪುಟದವರೆಗೆ ಓದಿದ್ದೆ. ನಮ್ಮಲ್ಲಿ ಒಂದು ಕೋಳಿಯೂ ಇರಲಿಲ್ಲ.

ಈ ಕಾದಂಬರಿ ಕೊಟ್ಟವನು ತಮ್ಮ ಹರೀಶ. ಬೆಳ್ತಂಗಡಿಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಊರವರ ಮದುವೆಗಳ ಫೋಟೋ ತೆಗೆಯುತ್ತಾನೆ. “ನಿಂದು ಯಾವಾಗ ಮಾರಾಯ?” ಎಂದು ಯಾರಾದರೂ ಕೇಳಿದರೆ, “ಸ್ವಲ್ಪ ನಗಿ, ನಗಿ” ಎನ್ನುತ್ತ ಕ್ಯಾಮರಾದ ಹಿಂದೆ ಅಡಗಿಕೊಳ್ಳುತ್ತಾನೆ. ಪೇಪರಿನ ತಲೆಬರಹ ಬಿಟ್ಟರೆ ಬೇರೇನೂ ಓದದವನು ಕೆಲವು ವರ್ಷಗಳ ಹಿಂದೆ ಒಂದು ದಿನ ಈ ಪುಸ್ತಕ ತಂದು, “ಓದಿ ಹೇಳಕ್ಕ” ಎಂದು ಚಹಾಕ್ಕೂ ನಿಲ್ಲದೆ ಹೊರಟುಹೋದ. ಹಿಂಬದಿಯ ಬರಹ ನೋಡಿದೆ. ಹೊಸ ಲೇಖಕನ ಮೊದಲ ಕಾದಂಬರಿ; ಇಬ್ಬರು ಗಂಡಸರ ಪ್ರೇಮದ ಕಥೆ.

ಚಹಾ ಯಾಕೆ ಬೇಡವಾಯಿತೆಂದು ಆಗ ಗೊತ್ತಾಯಿತು. ಅಮ್ಮ ತೀರಿಕೊಂಡ ಮೇಲೆ ಅವನಿಗೆ ಹೇಳಿಕೊಳ್ಳಲು ಇದ್ದವಳು ನಾನೊಬ್ಬಳೇ. ಪುಸ್ತಕಕ್ಕೆ ನಾನು ಏನು ಹೇಳುತ್ತೇನೋ, ಅದೇ ಅವನಿಗೆ ಹೇಳಿದ ಮಾತು.

ನಾನು ಪಾಠ ಮಾಡುವ ಮೂಡುಬಿದಿರೆಯ ಶಾಲೆಗೆ ಹೋಗುವ ಬಸ್ಸಿನಲ್ಲಿ ಕೂತು ಆಸೆಯಿಂದ ಶುರುಮಾಡಿದೆ. ಹೇಗಾದರೂ ಅದನ್ನು ಮೆಚ್ಚಬೇಕಿತ್ತು ನನಗೆ. ಆದರೆ ನೀವೇ ಹೇಳಿ, ನಾಯಕನ ಕಣ್ಣು ಒಮ್ಮೆ ಕಡಲು, ಒಮ್ಮೆ ಕೆರೆ, ಮತ್ತೊಮ್ಮೆ ಆಕಾಶವಾದರೆ ಎಷ್ಟು ಪುಟ ತಡೆದುಕೊಳ್ಳುವುದು? ಅವನು ಬಾಯಿ ತೆರೆದರೆ ಭಾಷಣ. ಇವನು ನಿಟ್ಟುಸಿರು ಬಿಟ್ಟರೆ ಮಳೆ. ವಾರದ ಕೊನೆಗೆ ಸೋತು ಪುಸ್ತಕ ಮಡಚಿದೆ.

ಆ ಭಾನುವಾರ ಬಂದ ಹರೀಶ ಚಪ್ಪಲಿ ಬಿಡುವ ಮೊದಲೇ ಕೇಳಿದ, “ಓದಿ ಆಯ್ತಾ?”

ಸುಳ್ಳು ಹೇಳಬಹುದಿತ್ತು, ನನಗೆ ಬರುವುದಿಲ್ಲ. “ಇಲ್ಲ ಮಾರಾಯ, ಅರ್ಧಕ್ಕೇ ಬಿಟ್ಟೆ.”

ಅವನ ಮುಖ ಇಳಿಯಿತು. “ಆಯ್ತು ಬಿಡು. ನಿಂಗೆ ಆಗುದಿಲ್ಲ ಅಂತ ಗೊತ್ತಿತ್ತು.”

ತಿರುಗಿ ಹೊರಟವನ ಕೈ ಹಿಡಿದು ಎಳೆದೆ. “ಕೂತ್ಕೊ ಇಲ್ಲಿ. ಇಬ್ಬರು ಗಂಡಸರು ಅಂತ ಬಿಟ್ಟದ್ದಲ್ಲ. ನೂರು ಪುಟ ಆದ್ರೂ ಅವರಿಗೆ ಹಸಿವಾಗುದಿಲ್ಲ, ಕೆಲಸಕ್ಕೆ ಹೋಗುದಿಲ್ಲ, ಬೈಲಿಕ್ಕೆ ಒಬ್ಬಳು ಅಕ್ಕ ಇಲ್ಲ. ಬರೀ ಕಣ್ಣು ನೋಡುದು! ಎಂತ, ಕಣ್ಣಿನ ಡಾಕ್ಟ್ರಾ ಅವರು?”

ಹರೀಶ ನಕ್ಕ. ನಗುತ್ತ ನಗುತ್ತ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. “ನಾನು ಇಪ್ಪತ್ತು ಪುಟಕ್ಕೇ ಬಿಟ್ಟದ್ದು ಅಕ್ಕ. ಕೋಳಿ ಪುಸ್ತಕ ಮುಗಿಸಿದವಳು ಇದನ್ನೂ ಮುಗಿಸ್ತಿ ಅಂತ ಕೊಟ್ಟೆ. ಕೊನೆಗೆ ಅವರಿಬ್ಬರು ಒಟ್ಟಿಗೆ ಇರ್ತಾರಾ ಅಂತ ಗೊತ್ತಾಗ್ಬೇಕಿತ್ತು.”

“ಕೊನೆ ಪುಟ ನೋಡ್ಲಿಕ್ಕೆ ಎಂತ ರೋಗ ನಿಂಗೆ?”

“ಹೆದ್ರಿಕೆ ಆಯ್ತು.”

ನಾನೂ ಅವನ ಪಕ್ಕ ಕೂತೆ. ಆಮೇಲೆ ಹೇಳಿದೆ, “ಪುಸ್ತಕದವರು ಎಲ್ಲಿಗಾದ್ರೂ ಹೋಗ್ಲಿ. ನಿಂದು ಹೇಳು. ಯಾರು ಅವ?”

“ಅಜಿತ. ಶಿರ್ತಾಡಿಯವ.”

“ಬರುವ ಭಾನುವಾರ ರಾತ್ರಿ ಊಟಕ್ಕೆ ಕರ್ಕೊಂಡು ಬಾ. ಬಂಗುಡೆ ತರ್ತೇನೆ.”

“ಅಕ್ಕ, ಅವ ಜೈನರವ. ಮೀನಿಲ್ಲ, ನೀರುಳ್ಳಿ ಇಲ್ಲ. ಊಟ ಕತ್ತಲಾಗುವ ಮೊದಲೇ ಆಗ್ಬೇಕು.”

“ಮೀನು ತಿನ್ನುದಿಲ್ವಾ?” ನಿಜವಾಗಿಯೂ ಗಾಬರಿಯಾಯಿತು ನನಗೆ. “ಇದನ್ನು ಮೊದ್ಲು ಹೇಳ್ಬೇಕಿತ್ತು ನೀನು!”

ಕಾದಂಬರಿಯ ಆ ಇಬ್ಬರು ಕೊನೆಗೆ ಏನಾದರೋ ನನಗೆ ಇಂದಿಗೂ ತಿಳಿಯದು. ಬರೆಯುತ್ತ ಕೂತದ್ದೇ ಜಾಸ್ತಿಯಾಯಿತು. ಗಂಟೆ ಐದಾಗುತ್ತ ಬಂತು. ಸೌತೆಯ ಹುಳಿಗೆ ಒಗ್ಗರಣೆ ಕೊಡಬೇಕು. ಗೇಟಿನ ಹತ್ತಿರ ಬೈಕು ನಿಂತ ಶಬ್ದ ಕೇಳಿತು, ಹರೀಶ, ಅಜಿತ ಇಬ್ಬರೂ ಬಂದಿರಬೇಕು. ಭಾನುವಾರ ನಮ್ಮಲ್ಲಿ ರಾತ್ರಿ ಊಟ ಬಿಸಿಲಿರುವಾಗಲೇ ಆಗುತ್ತದೆ. ನನ್ನ ಹೊಟ್ಟೆಗೂ ಈಗ ಅದೇ ಹೊತ್ತು ರೂಢಿಯಾಗಿದೆ.