ಇಳಿಯುತ್ತಲೇ ಹೋದ ಸ್ಕೋರು

ಮುಂಬೈ ಹತ್ತಿರದ ದಿವಾ ಸ್ಟೇಷನ್ನಿನಲ್ಲಿ ಲೋಕಲ್ ಟ್ರೇನಿನ ಬಾಗಿಲಿನಿಂದ ಜಾರಿ ಬಿದ್ದು ಎಡಗಾಲು ಕಳೆದುಕೊಂಡ ಮೇಲೆ ಮನೀಷ್ ಡೊಂಬಿವಲಿಯ ಮನೆಯಿಂದ ಹೊರಬೀಳುವುದನ್ನೇ ಬಿಟ್ಟಿದ್ದ. ತಾಯಿ ಜಯಲತಾ ಕರೆದೂ ಕರೆದೂ ಸೋತರು. ಆಮೇಲೆ ಅವನಿಗೆ ಕಂಪ್ಯೂಟರಿನ ಗೀಳು ಹತ್ತಿತು. ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಕಂಪನಿ ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚು ಓಡಿಸುವುದು, ಬೆಂಚ್‌ಮಾರ್ಕ್ ಎಂಬ ಪರೀಕ್ಷೆಗೆ ಒಡ್ಡುವುದು, ಬಂದ ಸ್ಕೋರನ್ನು ವಾಟ್ಸಾಪ್ ಗುಂಪಿಗೆ ಕಳಿಸುವುದು. ಠಾಣೆಯಿಂದ ಕಲ್ಯಾಣದವರೆಗಿನ ಆ ಗುಂಪಿನಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಕಾಲಿನ ವಿಷಯ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ವಾಶಿಯಲ್ಲಿ ಎಲ್ಲರೂ ಎದುರುಬದುರು ಸೇರುವ ಬೆಂಚ್‌ಮಾರ್ಕ್ ಸ್ಪರ್ಧೆ ಏರ್ಪಟ್ಟಾಗ, "ನಾನು ಹೋಗ್ತೇನೆ," ಎಂದ. ಜಯಲತಾ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡರು.

ಅದೇ ವಾರ ಸ್ಕೋರು ಕುಸಿಯತೊಡಗಿತು. ಕಾರ್ಡನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಅಳಿಸಿ ಹೊಸದು ಹಾಕಿದ. ಫ್ಯಾನಿನ ಧೂಳು ಕೊಡವಿದ, ಬಿಸಿ ಎಳೆದುಕೊಳ್ಳುವ ಪೇಸ್ಟ್ ಬದಲಿಸಿದ, ಪವರ್ ಕೇಬಲ್ ಬೇರೆ ಹಾಕಿದ. ಬಿಸಿಯೇನೂ ಏರಿರಲಿಲ್ಲ. ಆದರೂ ವೇಗ ಏರಿಸಿದಷ್ಟೂ ಸ್ಕೋರು ಇಳಿಯಿತು.

ಗುಂಪಿನಲ್ಲಿದ್ದ, ಮೈಸೂರಿನಿಂದ ಬಂದು ಠಾಣೆಯಲ್ಲಿ ನೆಲೆಸಿದ್ದ ಅನೀಶನಿಗೆ ಫೋನು ಮಾಡಿದ.

"ಕಾರ್ಡಿನ ಮೆಮರಿ ಸ್ಪೀಡು ಕಮ್ಮಿ ಮಾಡಿ ನೋಡೋ," ಎಂದ ಅನೀಶ. "ಜಾಸ್ತಿ ಆದ್ರೆ ಅದು ತಪ್ಪು ಮಾಡುತ್ತೆ, ತಿದ್ದಿಕೊಳ್ಳೋದ್ರಲ್ಲೇ ಟೈಮ್ ಹೋಗುತ್ತೆ. ಕ್ರ್ಯಾಶ್ ಆಗಲ್ಲ, ಸ್ಕೋರ್ ಬೀಳುತ್ತೆ."

ಇಳಿಸಿದ. ಸ್ಕೋರು ತುಸು ಚೇತರಿಸಿತು. ಮನೀಷನಿಗೆ ಹೋದ ಜೀವ ಬಂದಂತಾಯಿತು. ಮತ್ತೊಮ್ಮೆ ಓಡಿಸಿದರೆ ಪುನಃ ಕುಸಿತ. ಕೊನೆಗೆ ಕಾರ್ಡನ್ನು ಕಂಪನಿಯ ಮೂಲ ವೇಗಕ್ಕೇ ತಂದ. ಹೊಸತರಲ್ಲಿ ಏನೂ ಮುಟ್ಟದೆಯೇ ಬರುತ್ತಿದ್ದ ಸ್ಕೋರೂ ಬರಲಿಲ್ಲ. ಪರದೆಯ ತುಂಬ ಹಸಿರು ಚುಕ್ಕೆಗಳೆದ್ದವು.

ಮತ್ತೆ ಫೋನಿನಲ್ಲಿ ಚುಕ್ಕೆಗಳ ಸುದ್ದಿ ಕೇಳಿ ಅನೀಶ ವಿಚಾರಿಸಿದ: "ವೋಲ್ಟೇಜ್ ಯಾವಾಗಿಂದ ಏರಿಸಿಟ್ಟಿದ್ದೆ?"

"ಶುರುವಿಂದ."

"ಜಾಸ್ತಿ ವೋಲ್ಟೇಜಿಗೆ ಮೆಮರಿ ಸವೆದು ಹೋಯ್ತು ಭಾಯ್. ವಾಶಿಗೆ ನನ್ನ ಕಾರ್ಡ್ ತಗೊಂಡು ಬರ್ತೀನಿ, ಅದರಲ್ಲಿ ಆಡು."

"ನಕೋ, ಬೇಡ. ನಿನ್ನ ಕಾರ್ಡಿನ ಸ್ಕೋರು ನನ್ನದಲ್ಲ," ಎಂದು ಮನೀಷ್ ಫೋನಿಟ್ಟ. ಇಷ್ಟು ದಿನ ಗೆದ್ದದ್ದೆಲ್ಲ ತನ್ನ ಕಾರ್ಡಿನ ಆಯುಸ್ಸು ತಿಂದೇ ಗೆದ್ದದ್ದು. ದೂರಲು ಬೇರೆ ಯಾರೂ ಇರಲಿಲ್ಲ.

ಸ್ಪರ್ಧೆಯ ದಿನ, ಭಾನುವಾರ ಬೆಳಿಗ್ಗೆ ಜಯಲತಾ ಇಸ್ತ್ರಿ ಮಾಡಿದ ಅಂಗಿ ಹಿಡಿದು ಬಂದರು. "ಟ್ಯಾಕ್ಸಿ ಬಂದಿದೆ. ಕಾರ್ಡ್ ಹೋದ್ರೆ ಹೋಗ್ಲಿ ಮಗಾ, ಸುಮ್ಮನೆ ನೋಡಿಕೊಂಡಾದ್ರೂ ಬರುವ. ನಾನೂ ಬರ್ತೇನೆ."

"ಸ್ಕೋರ್ ಇಲ್ದೆ ಹೋದ್ರೆ ಅಲ್ಲಿ ಎಲ್ರೂ ಕಾಲನ್ನೇ ನೋಡ್ತಾರೆ ಅಮ್ಮಾ."

ಜಯಲತಾ ಅಂಗಿಯನ್ನು ಮಂಚದ ಮೇಲಿಟ್ಟು, ಟ್ಯಾಕ್ಸಿಯವನನ್ನು ಕಳಿಸಲು ಮೆಟ್ಟಿಲಿಳಿದು ಹೋದರು.