ಬದಲಿ ಆಳು

ನಾನು ಓದುವುದಿಲ್ಲ, ಓದುವವರನ್ನು ನೋಡುತ್ತೇನೆ. ನಗಬೇಡಿ, ಇದೂ ಒಂದು ಚಟ. ಯಾವುದೋ ದೇಶದ ಹುಡುಗಿಯೊಬ್ಬಳು ಮೇಜಿನ ಮುಂದೆ ಕೂತು ಗಂಟೆಗಟ್ಟಲೆ ಓದುತ್ತಾಳೆ, ಅದನ್ನು ಹಾಗೇ ವಿಡಿಯೊ ಮಾಡಿ ಹಾಕುತ್ತಾಳೆ. ಮಾತಿಲ್ಲ, ಕತೆಯಿಲ್ಲ. ಪುಟ ತಿರುಗಿಸುತ್ತಾಳೆ, ಹಳದಿ ಪೆನ್ನಿನಲ್ಲಿ ಗೆರೆ ಎಳೆಯುತ್ತಾಳೆ, ನಡುವೆ ಒಮ್ಮೆ ನೀರು ಕುಡಿಯುತ್ತಾಳೆ. ನೋಡುವವರೂ ಜೊತೆಗೆ ಓದಲಿ ಎಂಬುದು ಪಾಪ ಅವಳ ಸದುದ್ದೇಶ. ನಾನು ನನ್ನ ಪುಸ್ತಕ ತೆರೆದಿಟ್ಟು ಅವಳು ಓದುವುದನ್ನೇ ನೋಡುತ್ತಾ ಕೂರುತ್ತೇನೆ. ಅವಳು ಅಧ್ಯಾಯ ಮುಗಿಸಿ ಮೈ ಮುರಿದರೆ ನನಗೂ ಏನೋ ಮುಗಿಸಿದ ನೆಮ್ಮದಿ. ಅವಳಾದ ಮೇಲೆ ಇನ್ನೊಬ್ಬಳು ಬರುತ್ತಾಳೆ, ಅವಳ ಕಿಟಕಿಯಾಚೆ ಹಿಮ ಬೀಳುತ್ತಿರುತ್ತದೆ. ಕೊನೆಗೆ ನನ್ನ ಪುಸ್ತಕದ ಕಡೆ ತಿರುಗಿದರೆ ಅದು ಬೆಳಿಗ್ಗೆ ತೆರೆದಿಟ್ಟ ಪುಟದಲ್ಲೇ ಇರುತ್ತದೆ.

ನಮ್ಮ ಕಡೆಯ ಎಸ್ಟೇಟುಗಳಲ್ಲಿ ಇದಕ್ಕೊಂದು ಒಳ್ಳೆಯ ಹೆಸರಿದೆ: ಬದಲಿ. ಅಪ್ಪ ಸುಂಟಿಕೊಪ್ಪದ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ರೈಟರ್. ರೈಟರ್ ಎಂದರೆ ನನ್ನ ಹಾಗೆ ಕೂತು ಪ್ರಬಂಧ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು. ಆಳುಗಳಿರುವ ಲೈನಿನ ಮನೆಯಲ್ಲಿ ಒಬ್ಬಳು ಜ್ವರ ಬಂದು ಮಲಗಿದಳು ಎನ್ನಿ. ಅವಳ ತಂಗಿಯೋ ನಾದಿನಿಯೋ ಅವಳ ಹೆಸರಿನಲ್ಲಿ ಪಿಕ್ಕಿಂಗಿಗೆ ಬರುತ್ತಾಳೆ. ಅಪ್ಪ ಮಲಗಿದವಳ ಹೆಸರಿಗೇ ಹಾಜರಿ ಹಾಕುತ್ತಾರೆ. ಹಣ್ಣು ಕೊಯ್ದದ್ದಾಯಿತು, ಕೂಲಿ ತಪ್ಪಲಿಲ್ಲ, ಸಾವ್ಕಾರ್ರಿಗೂ ನಷ್ಟವಿಲ್ಲ. ಇದನ್ನೇ ನೋಡಿಕೊಂಡು ಬೆಳೆದವಳು ನಾನು. ಮೆಡಿಕಲ್ ಕಾಲೇಜು ಸೇರಿದ ಮೇಲೆ ಒಬ್ಬರ ಹಾಜರಿಗೆ ಇನ್ನೊಬ್ಬರು ಕೂಗುವುದನ್ನು ಮೇಷ್ಟ್ರುಗಳು ಮೋಸ ಎಂದು ಬೈದಾಗ ನನಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಅಂಥವಳು ಓದುವುದಕ್ಕೂ ಒಬ್ಬ ಪರದೇಶಿ ಹುಡುಗಿಯನ್ನು ಬದಲಿ ಇಟ್ಟುಕೊಂಡದ್ದರಲ್ಲಿ ಅತಿಶಯವೇನಿದೆ? ತೊಂದರೆ ಆದದ್ದು ಒಂದೇ. ಅವಳು ಪಾಸಾದಳು, ನಾನು ಫೇಲಾದೆ.

ಫೇಲಾದದ್ದು ಫಾರ್ಮಕಾಲಜಿಯಲ್ಲಿ, ಅಂದರೆ ಔಷಧಿಗಳ ಶಾಸ್ತ್ರದಲ್ಲಿ. ಚಟದ ಬಗ್ಗೆ ಮಾತ್ರ ಪ್ರಶ್ನೆ ಕೇಳಿದ್ದರೆ ಮೊದಲ ಸ್ಥಾನ ನನಗೇ ಬರುತ್ತಿತ್ತು. ಮಿದುಳಿನ ಯಾವ ಮೂಲೆಯಿಂದ ಯಾವ ಮೂಲೆಗೆ ಡೋಪಮಿನ್ ಹರಿಯುತ್ತದೆ, ಸಿಕ್ಕಿದ್ದಕ್ಕಿಂತ ಸಿಗಬಹುದೆನ್ನುವ ಆಸೆಗೇ ಅದು ಹೇಗೆ ಹೆಚ್ಚು ಉಕ್ಕುತ್ತದೆ ಎಂಬುದನ್ನೆಲ್ಲ ಚಿತ್ರ ಸಮೇತ ಬರೆಯಬಲ್ಲೆ. ಆ ಪಾಠ ನಡೆಯುತ್ತಿದ್ದಾಗಲೇ ಯಾರದೋ ಬಿಳಿ ಏಪ್ರನ್ನಿನ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಇಡೀ ಕ್ಲಾಸಿನ ಕೈಗಳು ಜೇಬಿಗೆ ಹೋದವು. ಮೇಷ್ಟ್ರ ಕೈಯೂ ಹೋಯಿತು. ಕಾಯಿಲೆಯ ಹೆಸರು ಗೊತ್ತಾದ ಮಾತ್ರಕ್ಕೆ ಕಾಯಿಲೆ ಹೋಗುತ್ತದೆ ಎಂದು ಜನ ತಿಳಿದಿರುತ್ತಾರೆ. ಹೆಸರಿನ ಜೊತೆ ಅದು ಇನ್ನೂ ಗತ್ತಿನಿಂದ ಕೂರುತ್ತದೆ, ಅಷ್ಟೆ.

ಹಾಸ್ಟೆಲ್ಲಿನಲ್ಲಿ ನಾನೊಬ್ಬಳೇ ಹೀಗೆ ಎಂದುಕೊಳ್ಳಬೇಡಿ. ಎದುರು ರೂಮಿನವಳಿಗೆ ಆನ್‌ಲೈನಿನಲ್ಲಿ ಬಟ್ಟೆ ತರಿಸಿ, ಕನ್ನಡಿ ಮುಂದೆ ಹಿಡಿದು ನೋಡಿ, ವಾಪಸ್ ಕಳಿಸುವ ಚಟ. ಪಕ್ಕದವಳು ಊಟದ ತಟ್ಟೆ ಮುಂದಿಟ್ಟುಕೊಂಡು ಫೋನಿನಲ್ಲಿ ಬಣ್ಣದ ಗೋಲಿ ಒಡೆಯುತ್ತಾಳೆ, ಅನ್ನ ಆರಿ ಗಟ್ಟಿಯಾದದ್ದು ಅವಳಿಗೆ ತಿಳಿಯುವುದಿಲ್ಲ. ಇದರಲ್ಲಿ ಸುಖವಾದರೂ ಇದೆಯಲ್ಲ ಎಂದು ಕೇಳಿದರೆ, ಇಲ್ಲ. ಸುಖ ಶುರುವಿನಲ್ಲೇ ಮುಗಿದುಹೋಯಿತು, ಉಳಿದದ್ದು ಹೆದರಿಕೆ. ಪುಸ್ತಕ ನೋಡಿದರೆ ಹೆದರಿಕೆ, ಅದನ್ನು ಮರೆಯಲು ಫೋನು, ಫೋನು ಕೆಳಗಿಟ್ಟರೆ ಮೊದಲಿಗಿಂತ ಹೆಚ್ಚು ಹೆದರಿಕೆ. ಸ್ನಾನ ಮಾಡುವುದೂ ದೊಡ್ಡ ಕೆಲಸವಾಯಿತು. ಬೆಳಿಗ್ಗೆ ಎಚ್ಚರವಾದರೆ, ಅಯ್ಯೋ ಮತ್ತೆ ಎಚ್ಚರವಾಯಿತಲ್ಲ ಎನಿಸುತ್ತಿತ್ತು. ಇದನ್ನು ತಮಾಷೆಯಾಗಿ ಹೇಳುವ ದಾರಿ ನನಗೆ ಇನ್ನೂ ಸಿಕ್ಕಿಲ್ಲ.

ಮನೋರೋಗ ವಿಭಾಗ ನಿಮ್ಮ ಆಸ್ಪತ್ರೆಯಲ್ಲೇ ಇದೆಯಲ್ಲ, ಹೋಗಬಾರದಿತ್ತೆ ಎನ್ನುತ್ತೀರಿ. ಅಲ್ಲೇ ಇರುವುದೇ ಕಷ್ಟ. ಅಲ್ಲಿ ಬಂದವರ ಕಷ್ಟಸುಖ ಕೇಳಿ ಬರೆದುಕೊಳ್ಳಲು ಕೂರಿಸುವುದು ನಮ್ಮ ಬ್ಯಾಚಿನವರನ್ನೇ. ಆದರೂ ಒಂದು ದಿನ ಧೈರ್ಯ ಮಾಡಿ ಆ ವರಾಂಡದ ತನಕ ಹೋದೆ. ಬೆಂಚಿನ ತುದಿಯಲ್ಲಿ ಮಾಸ್ಕ್ ಹಾಕಿಕೊಂಡು ದೇಚಮ್ಮ ಕೂತಿದ್ದಳು. ವಿರಾಜಪೇಟೆಯವಳು, ನಮ್ಮ ಬ್ಯಾಚಿನಲ್ಲಿ ಎಲ್ಲದರಲ್ಲೂ ಮುಂದೆ ಇರುವವಳು. ಏಪ್ರನ್ ಇರಲಿಲ್ಲ. ಕೈಯಲ್ಲಿದ್ದ ರೋಗಿಯ ಚೀಟಿಯನ್ನು ನನ್ನನ್ನು ಕಂಡದ್ದೇ ಮಡಚಿದಳು.

"ಇಲ್ಲೇನೇ ಮಾಡ್ತಿದೀಯ?" ಎಂದೆ.

"ಯಾರನ್ನೋ ಹುಡುಕ್ತಿದ್ದೆ. ನೀನು?"

"ನಾನೂ ಅಷ್ಟೆ."

ಇಬ್ಬರೂ ಕ್ಯಾಂಟೀನಿಗೆ ಹೋಗಿ ಟೀ ಕುಡಿದೆವು. ಕುಡಿದು ಮುಗಿಯುವ ತನಕ ಇಬ್ಬರೂ ಅವರವರ ಫೋನು ನೋಡುತ್ತಿದ್ದೆವು.

ಸಪ್ಲಿಮೆಂಟರಿ ಪರೀಕ್ಷೆಗೆ ಓದಲೆಂದು ಮನೆಗೆ ಬಂದೆ. ನಮ್ಮ ಕ್ವಾರ್ಟರ್ಸ್ ಇರುವುದು ತಗ್ಗಿನಲ್ಲಿ, ಅಲ್ಲಿ ರೇಂಜ್ ಇಲ್ಲ. ಬೇಕಾದವರು ಕಾಫಿ ಒಣಗಿಸುವ ಕಣ ದಾಟಿ ಮೇಲಿನ ತಿರುವಿಗೆ ಹೋಗಬೇಕು. ಮಳೆಗಾಲದಲ್ಲಿ ಆ ದಾರಿಯ ತುಂಬ ಜಿಗಣೆ. ಜಿಗಣೆಗೆ ಹೆದರಿ ನಾನು ಹೋಗಲಿಲ್ಲ. ಹಿಂದಿನ ಕಾಲದ ವೈದ್ಯರು ಮೈಗೆ ಜಿಗಣೆ ಹಚ್ಚಿ ರೋಗ ತೆಗೆಯುತ್ತಿದ್ದರಂತೆ. ನನಗೆ ಹಚ್ಚದೆಯೇ ಗುಣ ಕಂಡಿತು. ಮೊದಲೆರಡು ದಿನ ಕೈ ತಾನಾಗಿ ಫೋನಿದ್ದ ಕಡೆ ಹೋಗುತ್ತಿತ್ತು, ಆಮೇಲೆ ಸುಮ್ಮನಾಯಿತು. ಪುಸ್ತಕದ ಪುಟ ತಿರುಗತೊಡಗಿತು. ಅಮ್ಮ ಕೊಟ್ಟ ರೊಟ್ಟಿಗೆ ರುಚಿಯಿದೆ ಎಂದು ಬಹಳ ದಿನಗಳ ಮೇಲೆ ಗೊತ್ತಾಯಿತು.

ಅಪ್ಪನಿಗೆ ಇದು ನೋಡಲಾಗಲಿಲ್ಲ. ಈಗ ಎಲ್ಲರೂ ಓದುವುದು ಆನ್‌ಲೈನಿನಲ್ಲಿ, ತನ್ನ ಮಗಳು ಮಾತ್ರ ಈ ಗುಂಡಿಯಲ್ಲಿ ಕೂತು ಹಿಂದೆ ಬೀಳುತ್ತಿದ್ದಾಳೆ ಎಂದು ಅವರ ಸಂಕಟ. ನನಗೆ ಹೇಳದೆ ಸಾವ್ಕಾರ್ರ ಹತ್ತಿರ ಮಾತಾಡಿ, ಬಂಗಲೆಯಿಂದ ನಮ್ಮ ಮನೆಯ ತನಕ ತೋಟದ ನೆರಳಿನ ಸಿಲ್ವರ್ ಮರದಿಂದ ಸಿಲ್ವರ್ ಮರಕ್ಕೆ ಕೇಬಲ್ ಕಟ್ಟಿಸಿ ವೈಫೈ ಹಾಕಿಸಿಬಿಟ್ಟರು. ಅಮ್ಮ ಆ ಡಬ್ಬಿಗೆ ಕುಂಕುಮ ಇಟ್ಟು ದಾಸವಾಳ ಮುಡಿಸಿದರು. ಪಾಸ್‌ವರ್ಡ್ ಅಪ್ಪನೇ ಹೇಳಿ ಹಾಕಿಸಿದ್ದು: ಡಾಕ್ಟರ್ ಪವಿತ್ರ. ಪವಿತ್ರ ನನ್ನ ಹೆಸರು. ಒಂದೊಂದೇ ಅಕ್ಷರ ಒತ್ತಿದೆ. ಅಂದು ಸಂಜೆಯ ಹೊತ್ತಿಗೆ ಪರದೇಶಿ ಹುಡುಗಿ ನಮ್ಮ ನಡುಮನೆಯಲ್ಲಿ ಓದುತ್ತಾ ಕೂತಿದ್ದಳು.

ವಾರ ಕಳೆಯುವುದರೊಳಗೆ ನಾನು ಮತ್ತೆ ಹಾಸ್ಟೆಲ್ಲಿನ ಪವಿತ್ರಳೇ ಆಗಿದ್ದೆ. ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ.

"ಅಪ್ಪ, ಅದನ್ನ ತೆಗೆಸಿಬಿಡು."

"ಯಾಕೆ ಮಗಾ, ಸ್ಪೀಡ್ ಸಾಲ್ತಿಲ್ವಾ?"

ನನಗೆ ಅಳು ಬಂತು. "ನಂಗೆ ಹುಷಾರಿಲ್ಲಪ್ಪ" ಎಂದೆ. ಅಪ್ಪ ತಕ್ಷಣ ಗೂಟದ ಮೇಲಿದ್ದ ಕೊಡೆ ತೆಗೆದುಕೊಂಡರು. "ಯಾವ ಮಾತ್ರೆ ಅಂತ ಹೇಳು, ಸುಂಟಿಕೊಪ್ಪಕ್ಕೆ ಹೋಗಿ ತರ್ತೀನಿ. ನೀನೇ ಡಾಕ್ಟ್ರಲ್ವಾ." ಔಷಧಿಯ ಶಾಸ್ತ್ರದಲ್ಲೇ ಫೇಲಾದವಳ ಮುಂದೆ ಕೊಡೆ ಹಿಡಿದು, ಹೆಸರಿಗಾಗಿ ಕಾಯುತ್ತಾ ನಿಂತರು. ಎಲ್ಲ ಹೇಳಿದೆ. ಫೇಲಾದದ್ದು ಅವರಿಗೆ ಗೊತ್ತಿತ್ತು. ಯಾಕೆ ಎನ್ನುವುದು ಗೊತ್ತಿರಲಿಲ್ಲ. ಫೋನು, ಹೆದರಿಕೆ, ಬೆಳಿಗ್ಗೆ ಏಳಲು ಮನಸ್ಸಿಲ್ಲದ್ದು, ದೇಚಮ್ಮನನ್ನು ಕಂಡು ವರಾಂಡದಿಂದ ವಾಪಸು ಬಂದದ್ದು. ಅಪ್ಪ ಕೊಡೆಯನ್ನು ಮತ್ತೆ ಗೂಟಕ್ಕೆ ಸಿಕ್ಕಿಸಿದರು. ಕೊನೆಗೆ ತಮಗೆ ಪರಿಹಾರ ತಿಳಿದ ಒಂದು ಕಷ್ಟವನ್ನು ಹಿಡಿದುಕೊಂಡರು.

"ಅಲ್ಲಿ ನಿನ್ ಕ್ಲಾಸಿನವ್ರೇ ಕೂತಿರ್ತಾರೆ, ಅದ್ಕೆ ನಾಚ್ಕೆ. ಅಷ್ಟೇ ತಾನೆ?"

"ಹೂಂ."

"ಹಂಗಾದ್ರೆ ನಾನು ಬರ್ತೀನಿ ಬದಲಿಗೆ."

ನಾನು ನಗಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಮುಳುಗುವವಳಿಗೆ ಆಯ್ಕೆ ಎಲ್ಲಿರುತ್ತದೆ. ಮಾರನೆಯ ದಿನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಅಪ್ಪ ನನ್ನ ಜೊತೆ ಬಸ್ಸು ಹತ್ತಿ ನಮ್ಮ ಕಾಲೇಜಿನ ಆಸ್ಪತ್ರೆಗೆ ಬಂದರು. ಚೀಟಿ ಮಾಡಿಸಿದ್ದೂ ಅವರ ಹೆಸರಿಗೆ. ಒಳಗೆ ಬರೆದುಕೊಳ್ಳಲು ಕೂತಿದ್ದವಳು ಯಾರು ಅಂತೀರಿ? ಈ ಸಲ ಏಪ್ರನ್ ತೊಟ್ಟ ದೇಚಮ್ಮ. ನನ್ನನ್ನು ನೋಡಿದಳು, ನೋಡದವಳಂತೆ ಪೆನ್ನು ಹಿಡಿದಳು. ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು. ನಾನು ರೋಗಿಯನ್ನು ಕರೆತಂದ ಮಗಳ ಹಾಗೆ ಹಿಂದೆ ನಿಂತೆ.

"ಏನ್ ತೊಂದ್ರೆ ಅಂಕಲ್?"

"ಫೋನ್ ಬಿಡಕ್ಕಾಗ್ತಿಲ್ಲಮ್ಮ. ಬೇರೆಯವ್ರು ಓದೋದನ್ನ ನೋಡ್ತಾ ಕೂತಿರ್ತೀನಿ. ಪುಸ್ತಕ ಕಂಡ್ರೆ ಎದೆ ಹೊಡ್ಕೊಳತ್ತೆ. ಬೆಳಿಗ್ಗೆ ಯಾಕಾದ್ರೂ ಎಚ್ಚರ ಆಯ್ತೋ ಅನ್ಸತ್ತೆ."

ನಾನು ಅಳುತ್ತಾ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದರು. ನನ್ನ ಬಾಯಲ್ಲಿ ಅದು ಸೋಮಾರಿತನದ ಹಾಗೆ ಕೇಳಿಸಿತ್ತು. ಅಪ್ಪನ ಬಾಯಲ್ಲಿ ಕೇಳಿದಾಗ ಈ ಮನುಷ್ಯನನ್ನು ಯಾರಾದರೂ ಬೇಗ ಉಳಿಸಿ ಎನಿಸಿತು.

ದೇಚಮ್ಮ ತಲೆಯೆತ್ತದೆ ಕೇಳಿದಳು, "ಫೋನ್ ಯಾವ್ದು? ಒಂಚೂರು ತೋರ್ಸಿ."

ಅಪ್ಪ ಜೇಬಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟರು. ರಬ್ಬರ್ ಬ್ಯಾಂಡ್ ಸುತ್ತಿದ್ದ ಹಳೆಯ ಬಟನ್ ಫೋನು. ಅದರಲ್ಲಿ ವಿಡಿಯೊ ಇರಲಿ, ಅಂಕಿಗಳೇ ಅರ್ಧ ಅಳಿಸಿದ್ದವು. ಪೆನ್ನು ನಿಂತಿತು. ಆಮೇಲೆ ಅಪ್ಪ ಮೆಲ್ಲಗೆ ಎದ್ದು ತಾವು ಕೂತಿದ್ದ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

"ಇದು ಬದಲಿಗೆ ಆಗೋ ಕೆಲ್ಸ ಅಲ್ಲ ಮಗಾ. ಕೂರು."

ಕೂತೆ. ದೇಚಮ್ಮ ಹೊಸ ಹಾಳೆ ತೆಗೆದುಕೊಂಡಳು. ಗೊತ್ತಿದ್ದ ಹೆಸರನ್ನೇ ಮತ್ತೆ ಕೇಳಿದಳು, ಹೇಳಿದೆ. ನಿದ್ದೆ ಹೇಗೆ, ಊಟ ಹೇಗೆ, ಎಂದಿನಿಂದ ಹೀಗೆ ಎಂದು ಒಂದೊಂದಾಗಿ ಕೇಳಿದಳು. ನಾನು ತಡವರಿಸುತ್ತಾ ಉತ್ತರ ಹೇಳುತ್ತಿದ್ದೆ. "ಬೆಳಿಗ್ಗೆ ಎದ್ದಾಗ ಏನನ್ಸತ್ತೆ?" ಎಂದಳು. ಹೇಳುವುದಕ್ಕೆ ಇನ್ನೂ ಬಾಯಿ ತೆರೆದಿರಲಿಲ್ಲ, ಕಣ್ಣು ಹಾಳೆಯ ಮೇಲೆ ಬಿತ್ತು. ಉತ್ತರವನ್ನು ಅವಳು ಆಗಲೇ ಬರೆದುಬಿಟ್ಟಿದ್ದಳು, ಅಪ್ಪನ ಮಾತಿನಲ್ಲಲ್ಲ, ಅಂದು ವರಾಂಡದ ಬೆಂಚಿನ ತುದಿಯಲ್ಲಿ ಕೂತಿದ್ದವಳ ಮಾತಿನಲ್ಲಿ. ಓದಿ ನೋಡಿದೆ, ತಿದ್ದುವುದಕ್ಕೆ ಏನೂ ಇರಲಿಲ್ಲ.