ಗಸಿ ಪುಸ್ತಕದ ಖಾಲಿ ಜಾಗ

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಸಿಂಕಿನ ಮುಂದೆ ನಿಂತು, ಎಲ್ಲರೂ 'ಗಸಿ ಅಕ್ಕ' ಎಂದು ಕರೆಯುವ ಹೆಂಗಸು ಬೆರಳುದ್ದದ ಗಾಜಿನ ಟ್ಯೂಬೊಂದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ತಳದಲ್ಲಿ ಬಿಳಿ ಗಸಿ. "ಇದೂ ಒಡೆದ ಹಾಲೇ" ಎನ್ನುತ್ತ ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ತೊಳೆಯುತ್ತಾರೆ.

ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ, ದಿನಕ್ಕೆ ಇನ್ನೂರು ಟ್ಯೂಬು. ಇಲ್ಲಿ ಕಂಪ್ಯೂಟರಿನಲ್ಲಿ ಹೊಸ ಪ್ರೋಟೀನುಗಳ ವಿನ್ಯಾಸ ನಡೆಯುತ್ತದೆ. ಪರದೆಯ ಮೇಲೆ ಎಲ್ಲವೂ ಚಂದ, ಟ್ಯೂಬಿನಲ್ಲಿ ತಯಾರಿಸಿದಾಗ ಬಣ್ಣ ಬಯಲು. ಸರಿಯಾದ ಆಕಾರಕ್ಕೆ ಮಡಚಿಕೊಂಡ ಪ್ರೋಟೀನು ನೀರಿನಲ್ಲಿ ತಿಳಿಯಾಗಿ ಕರಗಿರುತ್ತದೆ, ಕೆಟ್ಟದ್ದು ಗಸಿಯಾಗಿ ಕೂರುತ್ತದೆ. ವಿಜ್ಞಾನಿಗಳು 'ಆಗಲಿಲ್ಲ' ಎಂದಷ್ಟೇ ಗೀಚಿ ಮುಂದೆ ಹೋಗುತ್ತಿದ್ದರು. ಅಕ್ಕ ಮಾತ್ರ ಒಂದೊಂದರ ನಂಬರಿನ ಮುಂದೆ ಅದು ಹೇಗೆ ಕೆಟ್ಟಿತೆಂದು ಬರೆದರು: ಒಡೆದ ಹಾಲು, ಹತ್ತಿ, ಗಾಜಿಗಂಟಿದ ಗೋಂದು. "ಸಂಬಳ ಕೊಡೋದು ತೊಳೆಯೋಕೆ, ಸಾಹಿತ್ಯ ಬರೆಯೋಕಲ್ಲ" ಎಂದು ಮೇಲ್ವಿಚಾರಕರು ಗದರಿದ್ದೂ ಉಂಟು.

ಹಟಕ್ಕೆ ಕಾರಣ ಮನೆಯಲ್ಲೇ ಇತ್ತು. "ಯಜಮಾನ್ರಿಗೆ ಹಾವು ಕಚ್ಚಿತ್ತು. ಔಷಧ ಇತ್ತು, ಆದ್ರೆ ದೂರದ ಆಸ್ಪತ್ರೆ ಫ್ರಿಜ್ಜಲ್ಲಿ. ಜೀವ ಉಳೀತು, ಕಾಲು ಹೋಯ್ತು." ಫ್ರಿಜ್ಜಿಲ್ಲದೆ ಬಾಳುವ ವಿಷಹಾರಿ ಪ್ರೋಟೀನೇ ಇಲ್ಲಿನ ಹುಡುಕಾಟ ಎಂದು ತಿಳಿದ ದಿನವೇ ಅಕ್ಕ ಪುಸ್ತಕ ಶುರು ಮಾಡಿದ್ದು.

ಹೋದ ವರ್ಷ ಕಂಪ್ಯೂಟರ್ ವಿಭಾಗದ ಎಂಜಿನಿಯರೊಬ್ಬಳು ಚೆಲ್ಲಿದ ಕಾಫಿ ಒರೆಸಲು ಬಟ್ಟೆ ಹುಡುಕುತ್ತ ಬಂದಳು. ಸಿಂಕಿನ ಕೆಳಗೆ ಹದಿನಾಲ್ಕು ಪುಸ್ತಕ ಕಂಡು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಯಾವ ವಿನ್ಯಾಸ ಹೇಗೆ ಕೆಡುತ್ತದೆಂದು ಕಲಿಯಲು ಈಗ ಕಂಪ್ಯೂಟರ್ ಪ್ರೋಗ್ರಾಮಿಗೆ ಆ ಪುಸ್ತಕಗಳೇ ಪಾಠ. ಕೆಡುವಂಥದ್ದನ್ನು ಅದು ಮೊದಲೇ ಕೈಬಿಡುತ್ತದೆ. ಮೂರು ವಾರ ಹಿಡಿಯುತ್ತಿದ್ದ ಲೆಕ್ಕಾಚಾರ ಒಂದೂವರೆ ದಿನಕ್ಕೆ ಇಳಿದಿದೆ. "ನಮ್ಮ ಹತ್ರ ಗೆದ್ದಿದ್ದರ ಪಟ್ಟಿ ಮಾತ್ರ ಇತ್ತಕ್ಕ. ನೀವಿಲ್ದಿದ್ರೆ ಇನ್ನೂ ಕತ್ತಲಲ್ಲೇ ತಡಕಾಡ್ತಿದ್ವಿ" ಎಂದು ಅವತ್ತೇ ಆಕೆ ಕಣ್ಣು ತುಂಬಿಕೊಂಡು ಕೈ ಹಿಡಿದರೆ, ಅಕ್ಕ "ಮೊದ್ಲು ಆ ಕಾಫಿ ಒರೆಸಮ್ಮ" ಎಂದರಂತೆ. ಹದಿನೈದನೆಯ ಪುಸ್ತಕವನ್ನು ತಂದುಕೊಟ್ಟವರು ಗದರಿದ್ದ ಮೇಲ್ವಿಚಾರಕರೇ.

ಕಿಟಕಿಯ ಕಟ್ಟೆಯ ಮೇಲೆ, ಬಿಸಿಲಿನಲ್ಲೇ, ಒಂದು ಟ್ಯೂಬ್ ನಿಂತಿದೆ. ವಿಷಹಾರಿಯ ಹೊಸ ವಿನ್ಯಾಸ ಅದು, ಫ್ರಿಜ್ಜಿನಿಂದ ಹೊರಗೆ ಇಂದಿಗೆ ನಲವತ್ತೊಂದನೆಯ ದಿನ. ಅಕ್ಕ ಎತ್ತಿ ನೋಡುತ್ತಾರೆ. ಇನ್ನೂ ತಿಳಿಯಾಗಿದೆ. ಪುಸ್ತಕದಲ್ಲಿ ಅದರ ನಂಬರಿನ ಮುಂದೆ ಜಾಗ ಖಾಲಿ.

"ಇವತ್ತು ಅದಕ್ಕೇನು ಬರೆದೆ ಅಂತ ಯಜಮಾನ್ರು ದಿನಾ ಕೇಳ್ತಾರೆ. ಏನೂ ಬರೀಲಿಲ್ಲ ಅಂತೀನಿ. ಇಬ್ರೂ ನೆಮ್ಮದಿಯಾಗಿ ಊಟ ಮಾಡ್ತೀವಿ."